ಅಪ್ಪನ ಜೀಪು, ಅವ್ವನ ಸೆರಗು

ಇವತ್ತು ಮಳಖೇಡದ ಹತ್ತಿರ ನಮ್ಮ ಗಾಡಿ ಎಂಜಿನ್ ಕಾದು ನಿಂತುಬಿಟ್ಟಿತು. ತುಕ್ಕು ಬೆರೆತ ಬಿಸಿನೀರಿನ ವಾಸನೆ ಬಂದದ್ದೇ ತಡ, ಅಪ್ಪನ ಜೀಪು ನೆನಪಾಯಿತು.

ಪ್ರತಿ ಅಮಾವಾಸ್ಯೆಗೆ ಅದಕ್ಕೆ ಕಾಯಿ, ಕುಂಕುಮ, ಮುಂದಿನ ಜಾಲರಿ ಮುಚ್ಚುವಷ್ಟು ಚೆಂಡುಹೂವು. ರೇಡಿಯೇಟರಿಗೆ ಮಾತ್ರ ನೀರು ಹಾಕುತ್ತಿರಲಿಲ್ಲ. ಒಮ್ಮೆ ಚಿತ್ತಾಪುರದ ದಾರಿಯಲ್ಲಿ ಹಬೆ ಎದ್ದಿತು. ಅಪ್ಪ ಕುಳಿತಲ್ಲಿಂದಲೇ ಅವ್ವನಿಗೆ, "ಸೆರಗಿಲೆ ಹಿಡದು ಮುಚ್ಚಳ ತಗಿ" ಅಂದ.

"ಆರ್ಲಿ, ತಡೀರಿ."

"ಗಾಡಿದ್ದು ನಿನಗೇನ್ ಗೊತ್ತದ? ತಗಿ!"

ಅವ್ವ ತೆಗೆದಳು. ಕುದಿಯುವ ನೀರು ಚಿಮ್ಮಿ ಮೊಣಕೈವರೆಗೆ ಚರ್ಮ ಸುಲಿದುಹೋಯಿತು. ಅಪ್ಪ ಅಂದದ್ದು: "ಮೈಲಿಗ್ಯಾಗ ಏರೀದಿ, ಅದಕ್ಕ ಗಾಡಿ ಮುನಸ್ಕೊಂಡದ."

ನಾನೂ ದಿನಾ ದೇವರಿಗೆ ಕೈಮುಗಿಯುವವಳು. ಅಪ್ಪ ತನ್ನ ತಪ್ಪನ್ನು ದೇವರ ಮೇಲೆ, ಅವ್ವನ ಮೇಲೆ ಹೊರಿಸಿದ ಆ ಮಾತನ್ನು ಇಂದಿಗೂ ಕ್ಷಮಿಸಿಲ್ಲ.

ಇವತ್ತು ನಮ್ಮ ಯಜಮಾನರು ಬಾನೆಟ್ ಎತ್ತಿ, "ಸೆರಗು ಕೊಡು ಇಲ್ಲಿ" ಅಂದರು.

ನಾನು ಸೆರಗನ್ನು ಸೊಂಟಕ್ಕೆ ಬಿಗಿಯಾಗಿ ಸಿಕ್ಕಿಸಿದೆ. "ಕುಂದ್ರಿ ಸುಮ್ನ. ಆರ್ಲಿ."