ಕಾಯಿ ಬೇಕಾಗಿತ್ತು

ಬಂಡೆಯ ಸೀಳಿನಲ್ಲಿದ್ದ ಆ ಪುಟ್ಟ ಗಿಡದ ಬುಡಕ್ಕೆ ಯಾರೋ ಕುಂಕುಮ ಹಚ್ಚಿ, ತೆಂಗಿನಕಾಯಿ ಒಡೆದಿದ್ದರು. ಗಿಡದಲ್ಲಿ ಒಂದೂ ಹೂವಿರಲಿಲ್ಲ. ಶಹಾಪುರದ ಗುಡ್ಡದ ಮೇಲೆ ನಾನು ತಲೆ ಮೇಲೆ ಕೈಹೊತ್ತು ಕುಳಿತೆ.

ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುವ ನನಗೆ ತಿಳಿದ ಮಟ್ಟಿಗೆ ಅದು ಯಾರೂ ಇನ್ನೂ ಹೆಸರಿಡದ ಗಿಡ. ಹೂವೇನೋ ಅದರ ಬಳಗದ ಉಳಿದ ಗಿಡಗಳ ಹೂವಿನಂತೆಯೇ ಇತ್ತು. ಇದು ಬೇರೆಯೇ ಎಂದು ಸಾಧಿಸಲು ಕಾಯಿ ಬೇಕೇ ಬೇಕು. ಹೋದ ಸಲ ಹೂ ಬಿಟ್ಟಿದ್ದಾಗ ಬಂದು, ಕಾಯಿಗೆಂದು ಮತ್ತೆ ಬಂದಾಗ ಗುರುತು ಸಿಗಲೆಂದು ಗಿಡಕ್ಕೆ ಕೆಂಪು ದಾರ ಕಟ್ಟಿ ಹೋಗಿದ್ದೆ.

ಅಲ್ಲೇ ಕುರಿ ಕಾಯುತ್ತಿದ್ದ ಮಲ್ಲಮ್ಮ ಹತ್ತಿರ ಬಂದಳು. "ದಾರ ನೋಡಿ ದೇವ್ರ ಗಿಡ ಅಂತ ತಿಳ್ಕೊಂಡ್ನಿರಿ ಅಕ್ಕೋರ. ಹೂ ಎಲ್ಲಾ ಹರದು ಲಿಂಗಕ್ಕ ಏರಿಸೀನಿ."

"ಅಯ್ಯೋ ಯಮ್ಮಾ, ನನಗ ಕಾಯಿ ಬೇಕಾಗಿತ್ತಲ್ಲ!"

"ಅಷ್ಟೇ ಹೌದಿಲ್ಲೋ? ತಗೋರಿ" ಎಂದು ತೆಂಗಿನ ಹೋಳನ್ನೇ ನನ್ನ ಕೈಗಿಟ್ಟಳು.

ಬಂದ ಸಿಟ್ಟು ನಗುವಾಗಿಹೋಯಿತು. ಹೂ ಉಳಿದರೆ ತಾನೇ ಕಾಯಿ ಎಂದು ಬಿಡಿಸಿ ಹೇಳಿದೆ. ಅವಳು ಗಿಡವನ್ನೇ ದಿಟ್ಟಿಸಿದಳು. "ಬರೂ ಮಳಿಗಾಲಕ್ಕ ಹೂ ಬಿಡ್ಲಿ. ಕುರಿ ಕಾಯ್ದಂಗ ಕಾಯಿ ಕಾಯ್ತೀನ್ರಿ."

ದಾರ ಬಿಚ್ಚಲು ಚಾಚಿದ್ದ ಕೈಯನ್ನು ಹಿಂದಕ್ಕೆ ತೆಗೆದುಕೊಂಡೆ. ದೇವರ ಗಿಡವಾಗಿಯೇ ಇರಲಿ, ಯಾರೂ ಕಡಿಯಲಾರರು ಎನಿಸಿತು. ಈ ವರ್ಷದ ಮಳೆ ಬಿದ್ದ ಮೇಲೆ ಮೊನ್ನೆ ಹೋದಾಗ ಮೊಗ್ಗು ಬಿಟ್ಟಿತ್ತು, ಪಕ್ಕದಲ್ಲಿ ಮಲ್ಲಮ್ಮ ಕೋಲೂರಿ ನಿಂತಿದ್ದಳು. ಕಾಯಿ ಕೈಗೆ ಬರುವವರೆಗೂ ನಾವಿಬ್ಬರೂ ಈ ಗುಡ್ಡ ಬಿಡುವವರಲ್ಲ.