ಧರ್ಮಪಾಲರ ಅರ್ಧ ಮುದ್ರೆ

ಡೊಂಬಿವಲಿಯಲ್ಲಿ ಧರ್ಮಪಾಲರ ಮನೆಗೆ ಹೋದವರು ಮೊದಲು ಕೈ ತೊಳೆಯಬೇಕು. ಊಟಕ್ಕಲ್ಲ, ಸ್ಟ್ಯಾಂಪು ನೋಡುವುದಕ್ಕೆ. ತೊಳೆದರೂ ಮುಟ್ಟಲು ಬಿಡುವುದಿಲ್ಲ, ಚಿಮಟದಲ್ಲಿ ಎತ್ತಿ ಅವರೇ ತೋರಿಸುತ್ತಾರೆ. ವಿಕ್ಟೋರಿಯಾ ರಾಣಿಯಿಂದ ಆರನೇ ಜಾರ್ಜ್ ದೊರೆಯವರೆಗೆ, ಬ್ರಿಟಿಷರ ಕಾಲದ್ದು ಮಾತ್ರ. ಆಮೇಲಿನದನ್ನು ಯಾರಾದರೂ ಪ್ರೀತಿಯಿಂದ ತಂದುಕೊಟ್ಟರೆ, "ಇದು ಮಕ್ಕಳಿಗೆ ಕೊಡಿ ಮಾರಾಯ್ರೆ" ಎಂದು ವಾಪಸು.

ಹೆಂಡತಿ ಲೋಲಾಕ್ಷಿಗೆ ಈ ಸ್ಟ್ಯಾಂಪುಗಳ ಮೇಲೆ ಮದುವೆಯಷ್ಟೇ ಹಳೆಯ ಸಿಟ್ಟು. ಕಾಪುವಿನಿಂದ ವಿಠ್ಠಲವಾಡಿಯ ಸಾಲುಮನೆಗಳ ಚಾಳಿಗೆ ಮದುಮಗಳಾಗಿ ಬಂದಾಗ, ಆ ಒಂದೇ ಕೋಣೆಯಲ್ಲಿ ಅವಳ ಟ್ರಂಕಿಗೆ ಜಾಗವಿರಲಿಲ್ಲ, ಆಲ್ಬಮಿಗೆ ಬೀಗ ಹಾಕುವ ಕಪಾಟಿತ್ತು. ಗಂಡ ಕಲ್ಯಾಣದ ಹೋಟೆಲೊಂದರಲ್ಲಿ ಲೋಟ ತೊಳೆಯುವುದರಿಂದ ಶುರುಮಾಡಿ ಗಲ್ಲಾದ ಕುರ್ಚಿಯವರೆಗೆ ಏರಿದವರು. ಹೋಟೆಲಿಗೆ ಬಂದ ಮುದುಕರನ್ನೆಲ್ಲ ಮಾತಿಗೆಳೆದು, "ಮನೆಯಲ್ಲಿ ಹಳೆ ಕಾಗದ ಉಂಟಾ?" ಎಂದು ಕೇಳುವುದೇ ಅವರ ಚಟ. 2005ರ ಜುಲೈ ನೆರೆಯಲ್ಲಿ ನೀರು ಮನೆಯೊಳಗೆ ನುಗ್ಗಿದಾಗ ಈ ಮಹಾನುಭಾವರು ಮೊದಲು ಅಟ್ಟಕ್ಕೇರಿಸಿದ್ದು ಆಲ್ಬಮನ್ನು. ಲೋಲಾಕ್ಷಿಯ ಧಾರೆ ಸೀರೆ ಮೂರು ದಿನ ಕೆಸರಿನಲ್ಲಿತ್ತು. ಅದನ್ನು ಅವಳು ಇವತ್ತಿಗೂ ಮರೆತಿಲ್ಲ, ಮರೆಯಲು ಬಿಟ್ಟೂ ಇಲ್ಲ.

ಧರ್ಮಪಾಲರಿಗೆ ಒಂದು ಪದ್ಧತಿ ಇತ್ತು. ಪ್ರತಿ ಸ್ಟ್ಯಾಂಪಿನ ಕೆಳಗೂ ಅದರ ಬಣ್ಣ, ವರ್ಷ ಬರೆದ ಮೇಲೆ, ಕೊಟ್ಟವರ ಹೆಸರನ್ನೂ ಪೆನ್ಸಿಲಿನಲ್ಲಿ ಬರೆಯುತ್ತಿದ್ದರು. "ಇದೇನು, ಮದುವೆಯ ಉಡುಗೊರೆ ಪಟ್ಟಿಯಾ?" ಎಂದು ಲೋಲಾಕ್ಷಿ ಗೇಲಿ ಮಾಡುತ್ತಿದ್ದಳು.

ಕಳೆದ ವರ್ಷ ಪಿತೃಪಕ್ಷದಲ್ಲಿ ಇಬ್ಬರೂ ಕಳಂಬೋಲಿಗೆ ಹೋದರು, ಪಾರವ್ವನನ್ನು ನೋಡಲು. ವಿಜಾಪುರದ ಕಡೆಯ ಈ ಹೆಂಗಸು ವಿಠ್ಠಲವಾಡಿಯಲ್ಲಿ ಅವರ ಗೋಡೆಯಾಚೆಯ ನೆರೆಯವಳು. ಈಗ ಎಂಬತ್ತನಾಲ್ಕು ವರ್ಷ, ಕಬ್ಬಿಣದ ಮಾರ್ಕೆಟ್ಟಿನಲ್ಲಿ ವ್ಯಾಪಾರ ಮಾಡುವ ಮಗ ವಿಜಯಕುಮಾರನ ಮನೆಯಲ್ಲಿದ್ದಾಳೆ. ಬರುವ ಅಮಾವಾಸ್ಯೆಗೆ ಹಿರಿಯರಿಗೆ ಎಡೆ ಇಡುವ ತಯಾರಿ ನಡೆದಿತ್ತು. ಅತ್ತೆಗೆ, ಮಾವನಿಗೆ, ಗಂಡನಿಗೆ, ಅವ್ವನಿಗೆ ಎಂದು ನಾಲ್ಕು ಎಲೆ ಲೆಕ್ಕ ಹಾಕುತ್ತಿದ್ದಳು.

"ಅಪ್ಪನಿಗೆ ಇಡುದಿಲ್ವಾ ಪಾರಕ್ಕ?" ಲೋಲಾಕ್ಷಿ ಸುಮ್ಮನೆ ಕೇಳಿದಳು.

"ಸತ್ತಾನೋ ಇಲ್ಲೋ ಗೊತ್ತಿಲ್ಲದಾಂವಗ ಎಡಿ ಹೆಂಗ ಇಡೂದವಾ?"

ಆಗ ಹೊರಬಂತು ಕತೆ. ಅವಳಪ್ಪ ರಾಯಪ್ಪ ಮುಂಬಯಿ ಬಂದರಿನಲ್ಲಿ ಕೂಲಿ. 1944ರ ಏಪ್ರಿಲ್ ಹದಿನಾಲ್ಕರಂದು ಮದ್ದುಗುಂಡಿನ ಹಡಗು ಸಿಡಿದು ಬಂದರಿಗೆ ಬೆಂಕಿ ಬಿದ್ದಾಗ ಊರಲ್ಲಿ ಎಲ್ಲರೂ ಅವನು ಸತ್ತನೆಂದೇ ಅತ್ತಿದ್ದರು. ಅದೇ ತಿಂಗಳ ಇಪ್ಪತ್ತೈದಕ್ಕೆ ಅವನ ಕಾಗದ ಬಂತು. ಲಕೋಟೆಯ ಹಿಂದೆ ತಾಲೂಕಿನ ಅಂಚೆ ಮುದ್ರೆಯಲ್ಲಿದ್ದ ಆ ತಾರೀಖನ್ನು ಶಾಲೆಯ ಮಾಸ್ತರರೇ ಓದಿ ಹೇಳಿದರು. ಕಾಗದದಲ್ಲಿ ಮಳೆ, ಎತ್ತು, ಕೂಸಿನ ಆರೋಗ್ಯ ಎಲ್ಲ ಇತ್ತು. ತಾರೀಖು ಇರಲಿಲ್ಲ. ಬೆಂಕಿಯ ಬಗ್ಗೆ ಒಂದು ಅಕ್ಷರವೂ ಇರಲಿಲ್ಲ. ಆಮೇಲೆ ಅವನ ಸುದ್ದಿಯೇ ಬರಲಿಲ್ಲ.

"ಬೆಂಕ್ಯಾಗಿಂದ ಉಳಿದಾಂವ ಅದನ್ನ ಬರೀಲಾರದ ಇರ್ತಾನೇನು? ಬ್ಯಾರೆ ಸಂಸಾರ ಮಾಡ್ಯಾನ, ಅಂದ್ರು ಊರ ಮಂದಿ. ನಮ್ಮವ್ವ ಸಾಯೂತನಕ ಹಣಿಗೆ ಕುಂಕುಮಾ ಹಚ್ಚಿದ್ಲು, ಹಚ್ಚಿದಾಗೊಮ್ಮೆ ಬೈದ್ಲು. ನಾನೂ ಬೈದೀನಿ ಬಿಡು."

ಧರ್ಮಪಾಲರ ಕೈಯಲ್ಲಿದ್ದ ಚಹಾ ಆರಿಹೋಗಿತ್ತು. "ಆ ಲಕೋಟೆ ಉಂಟಾ ಪಾರಕ್ಕ?" ಎಂದರು.

"ಐತಿ. ಅದರ ಸ್ಟ್ಯಾಂಪ್ ನೀನ ಬಿಡಿಸಿಕೊಂಡು ಹೋಗಿದ್ದಿ, ನೆನಪಿಲ್ಲೇನು? ರಾಜನ ಮಾರಿ ನನಗ್ಯಾಕ ಅಂತ ಕೊಟ್ಟಿದ್ದೆ."

ಧರ್ಮಪಾಲರು ಮನೆಗೆ ಬಂದವರೇ ಕೈ ತೊಳೆದು ಆಲ್ಬಮು ತೆಗೆದರು. ಒಂದೂವರೆ ಆಣೆಯ ನೇರಳೆ ಬಣ್ಣದ ಸ್ಟ್ಯಾಂಪು, ಕೆಳಗೆ ಪೆನ್ಸಿಲಿನಲ್ಲಿ "ಪಾರವ್ವ, ವಿಠ್ಠಲವಾಡಿ, 1976". ಗಾಢ ಬಣ್ಣದ ಮೇಲೆ ಕಪ್ಪು ಮುದ್ರೆ, ಬರಿಗಣ್ಣಿಗೆ ಬರೀ ಮಸಿ. ಅವರು ಅದನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು, ಭೂತಗನ್ನಡಿಯನ್ನು ಲೋಲಾಕ್ಷಿಯ ಕೈಗೆ ಕೊಟ್ಟರು. ಇಷ್ಟು ವರ್ಷದಲ್ಲಿ ಮೊದಲ ಸಲ.

ಅವಳಿಗೆ ನಿಧಾನವಾಗಿ ಕಂಡಿತು. ಮೂರು. ಏಪ್ರಿಲ್. ನಲವತ್ತನಾಲ್ಕು.

"ಮೂರನೇ ತಾರೀಕಾ?"

"ಮೂರೋ, ಹದಿಮೂರೋ, ಇಪ್ಪತ್ತಮೂರೋ! ಮುದ್ರೆಯ ಎಡಭಾಗ ಲಕೋಟೆಯ ಮೇಲೆ ಬಿದ್ದಿದೆ. ಲಕೋಟೆಯ ಸಮೇತ ಇಡಬೇಕಿತ್ತು. ಆಗ ನನಗೆ ಬುದ್ಧಿ ಎಲ್ಲಿತ್ತು? ಒದ್ದೆ ಬಟ್ಟೆ ಇಟ್ಟು ಕಿತ್ತುಕೊಂಡು ಬಂದೆ."

ಇಪ್ಪತ್ತಮೂರಾದರೆ ಕಾಗದ ಬೆಂಕಿಯ ನಂತರದ್ದು, ಊರವರು ಹೇಳಿದ್ದೇ ನಿಜ. ಅಪ್ಪ ಹಾಗೆ ಮಾಡಿರಲಿಕ್ಕಿಲ್ಲ ಎಂದು ಮುದುಕಿಗೆ ಉಳಿದಿರುವ ಒಂದಿಷ್ಟು ಆಸೆಯೂ ಹೋಗುತ್ತದೆ. "ಬೇಡ ಮಾರಾಯ್ರೆ, ಆ ಜೀವವನ್ನು ಹಾಗೇ ಬಿಡಿ" ಎಂದಳು ಲೋಲಾಕ್ಷಿ.

"ಅದು ಅವಳದ್ದು. ನನ್ನ ಹತ್ತಿರ ಇಷ್ಟು ವರ್ಷ ಬಾಯಿ ಮುಚ್ಚಿ ಕೂತಿದೆ ಅಷ್ಟೆ" ಎಂದರು ಧರ್ಮಪಾಲರು.

ಅಮಾವಾಸ್ಯೆಯ ಬೆಳಿಗ್ಗೆ ಕಳಂಬೋಲಿಗೆ ಹೋಗಲು ಥಾಣೆ ಸ್ಟೇಷನ್ನಿನಲ್ಲಿ ಪನವೇಲ್ ಲೋಕಲ್ ರೈಲು ಹಿಡಿದರು. ಸ್ಟ್ಯಾಂಪು ಪುಟ್ಟ ಸ್ಟೀಲ್ ಡಬ್ಬಿಯಲ್ಲಿ, ಡಬ್ಬಿ ಲೋಲಾಕ್ಷಿಯ ಸೆರಗಿನ ಗಂಟಿನಲ್ಲಿ. ತಾನೇ ಇಟ್ಟುಕೊಳ್ಳುತ್ತೇನೆಂದು ಹಟ ಮಾಡಿದವಳು ಅವಳೇ.

ಪಾರವ್ವ ಎಲ್ಲ ಕೇಳಿ, ಹೋಗಿ ಟ್ರಂಕಿನಿಂದ ಲಕೋಟೆ ತಂದಳು. ಬಲ ಮೂಲೆಯಲ್ಲಿ ಸ್ಟ್ಯಾಂಪಿನ ಅಳತೆಯ ಮಾಸಲು ಕಲೆ, ಅದರ ಎಡಕ್ಕೆ ತುಂಡು ಬಳೆಯಂತೆ ಮುದ್ರೆಯ ಅರ್ಧ ಗೆರೆ. ಧರ್ಮಪಾಲರು ಚಿಮಟದಿಂದ ಸ್ಟ್ಯಾಂಪನ್ನು ಕಲೆಯ ಮೇಲಿಟ್ಟು ಕೂದಲೆಳೆಯಷ್ಟು ಸರಿಸಿದರು. ಗೆರೆಗೆ ಗೆರೆ ಕೂಡಿತು. ಎಂಬತ್ತು ವರ್ಷದ ಹಿಂದೆ ಯಾವನೋ ಅಂಚೆ ಗುಮಾಸ್ತ ಒಂದೇ ಏಟಿಗೆ ಒತ್ತಿದ ಮುದ್ರೆ ಮತ್ತೆ ಪೂರ್ತಿಯಾಗಿ ದುಂಡಗೆ ನಿಂತಿತು. ತನ್ನ ಧಾರೆ ಸೀರೆಯನ್ನು ಕೆಸರಿಗೆ ಬಿಟ್ಟ ಮನುಷ್ಯ ಇಷ್ಟು ವರ್ಷ ಕಾಪಾಡಿದ್ದು ಏನನ್ನು ಎಂದು ಲೋಲಾಕ್ಷಿಗೆ ಈಗ ತಿಳಿಯಿತು, ಹೆಮ್ಮೆಯೂ ಆಯಿತು.

ಧರ್ಮಪಾಲರ ಕಣ್ಣು ಮಂಜಾಗಿತ್ತು. "ನೀನು ಓದು" ಎಂದರು.

ಲೋಲಾಕ್ಷಿ ಭೂತಗನ್ನಡಿ ಹಿಡಿದು ಬಗ್ಗಿದಳು. ಮೂರರ ಪಕ್ಕದಲ್ಲಿ ನೆಟ್ಟಗೆ ಒಂದು ಗೆರೆ. ಕೊಂಕಿಲ್ಲ, ಬಾಲವಿಲ್ಲ.

"ಒಂದು. ಹದಿಮೂರು ಪಾರಕ್ಕ. ಹದಿಮೂರನೇ ತಾರೀಕು."

"ಯುದ್ಧದ ಕಾಲ ಅಲ್ವಾ" ಎಂದರು ಧರ್ಮಪಾಲರು. "ಸರ್ಕಾರದವರು ಕಾಗದಗಳನ್ನೆಲ್ಲ ತಡೆದು ಓದಿ ಬಿಡುತ್ತಿದ್ರು. ಅದಕ್ಕೇ ಊರು ಮುಟ್ಟಲು ಹನ್ನೆರಡು ದಿನ. ಬರೆಯುವಾಗ ಬೆಂಕಿ ಬಿದ್ದೇ ಇರಲಿಲ್ಲ ಪಾರಕ್ಕ. ಹೇಗೆ ಬರೆದಾರು?"

ಪಾರವ್ವ ಲಕೋಟೆಯನ್ನು ಮುಟ್ಟಲಿಲ್ಲ. ಒಳಗೆ ಎಡೆ ಬಡಿಸುತ್ತಿದ್ದ ಮೊಮ್ಮಗಳನ್ನು ಕರೆದಳು.

"ಐಶ್ವರ್ಯಾ, ಇನ್ನೊಂದು ಎಲಿ ಹಾಕ."

"ಔರ್ ಏಕ್? ಕಿಸ್ ಕೇ ಲಿಯೇ, ಆಜಿ?"

ಪಾರವ್ವ ಗೋಡೆ ಹಿಡಿದು ಎದ್ದು, ಮಗನಿಗೆಂದು ಇಟ್ಟಿದ್ದ ಹೊಸ ಧೋತರದ ಜೋಡಿಯನ್ನು ಎಡೆಯ ಮುಂದಿಡಲು ಕೈಗೆತ್ತಿಕೊಂಡಳು.

"ನಮ್ಮಪ್ಪಗ" ಎಂದಳು. "ಹೋಳಿಗಿ ಎರಡು ಬಡಸು. ಭಾಳ ದಿನದಿಂದ ಹಸದಾನ."