ಗೋಡೆ ತಿಂದ ಬೆಲ್ಲ

ಸುಣ್ಣಕ್ಕೆ ಬೆಲ್ಲದ ನೀರು ಬಿದ್ದರೆ ಒಂದು ವಾಸನೆ ಏಳುತ್ತದೆ, ಅರ್ಧ ಸಿಹಿ, ಅರ್ಧ ಗಂಟಲು ಕೆರೆಯುವಂಥದ್ದು. ಮೊನ್ನೆ ಯಾವುದೋ ಹಳೇ ಗುಡಿಯ ದುರಸ್ತಿ ನಡೆದಲ್ಲಿ ಅದು ಮೂಗಿಗೆ ಬಡಿಯಿತು. ಅಪ್ಪ ಕಣ್ಮುಂದೆ ಬಂದ. ಅವನ ಬೆನ್ನಿಗೇ ನನ್ನ ಹಳೇ ಹೊಟ್ಟೆಕಿಚ್ಚೂ ಬಂತು. ನಗಬೇಡಿ, ಅದು ಒಂದು ಗೋಡೆಯ ಮೇಲಿನ ಹೊಟ್ಟೆಕಿಚ್ಚು.

ಎಪ್ಪತ್ತರ ದಶಕದ ಬಿಜಾಪುರ. ಸಿದ್ಧೇಶ್ವರ ಗುಡಿಯ ಹಿಂದಿನ ಓಣಿಯಲ್ಲಿ ನಮ್ಮದು ಮಣ್ಣಿನ ಮಾಳಿಗೆ ಮನೆ. ಬಾದಶಾಹಿ ಕಾಲದ ಒಂದು ಪಾಳು ಮಹಲನ್ನು ರಿಪೇರಿ ಮಾಡಿಸಿ ಹೆಣ್ಣುಮಕ್ಕಳ ಶಾಲೆಯಾಗಿಸುವ ಕೆಲಸ ಅಪ್ಪನ ಉಸ್ತುವಾರಿಯಲ್ಲಿತ್ತು. ಸಿಮೆಂಟು ಬಳಿದರೆ ಹಳೇ ಗೋಡೆ ಉಸಿರುಗಟ್ಟಿ ಸಾಯುತ್ತದೆ ಅನ್ನುತ್ತಿದ್ದ. ಸುಣ್ಣ, ಮರಳು ಗಾಣದಲ್ಲಿ ಅರೆಸಿ, ಬೆಲ್ಲದ ನೀರು ಬೆರೆಸಿ ಗಚ್ಚು ಮಾಡಿಸುತ್ತಿದ್ದ. ನಾನು ಬುತ್ತಿ ಒಯ್ದಾಗ ನೋಡಿದರೆ, ಗೋಡೆಗೆ ಅಂಗೈ ಒತ್ತಿ ತಂಪು ಪರೀಕ್ಷಿಸುತ್ತ ನಿಂತಿರುತ್ತಿದ್ದ, ಮಕ್ಕಳ ಜ್ವರ ನೋಡುವ ಹಾಗೆ. ನನ್ನ ಮೈಯೆಲ್ಲ ಉರಿಯುತ್ತಿತ್ತು. ನನ್ನ ಹಣೆಯನ್ನು ಅವನು ಹಾಗೆ ಮುಟ್ಟಿದ್ದು ನನಗೆ ನೆನಪಿಲ್ಲ. ಅವ್ವನಂತೂ ಮಹಲಿಗೆ ಸವತಿ ಅಂತಲೇ ಹೆಸರಿಟ್ಟಿದ್ದಳು. "ಏನಂತಾಳ್ರಿ ಇವತ್ತ ನನ್ನ ಸವತಿ?" ಎಂದೇ ಸಂಜೆ ಅಪ್ಪನ ಕೈಗೆ ನೀರು ಕೊಡುತ್ತಿದ್ದಳು.

ತಮ್ಮ ಹುಟ್ಟಿದ ವಾರವೇ ದೊಡ್ಡ ಕಮಾನಿಗೆ ಗಚ್ಚು ಬಳಿಯುವ ಕೆಲಸ ಬಂತು. ಬಾಣಂತಿಯ ಅಂಟಿನುಂಡಿಗೆಂದು ಅಜ್ಜಿ ಬಬಲೇಶ್ವರದಿಂದ ಬೆಲ್ಲದ ದೊಡ್ಡ ಮುದ್ದೆ, ಇಡೀ ಒಂದು ಪೆಂಟಿಯನ್ನೇ ತಂದಿದ್ದಳು. ಮಧ್ಯಾಹ್ನ ಅಪ್ಪ ಏದುಸಿರು ಬಿಡುತ್ತ ಬಂದ. ಗಚ್ಚು ಅರ್ಧ ಬಳಿದಾಗಿತ್ತು, ಬೆಲ್ಲ ಸಾಲದೆ ಬಂದಿತ್ತು, ಅಂದು ಪೇಟೆಗೆ ರಜೆ. ಪೆಂಟಿಯನ್ನು ಎತ್ತಿ ಹೆಗಲಿಗಿಟ್ಟುಕೊಂಡ.

"ಹಸಿ ಬಾಣಂತಿ ಇದ್ದಂಗ ಅದಾಳ ಆಕಿ. ಹಂಗ ಬಿಟ್ರ ಬಿರುಕು ಬಿಡ್ತಾಳ. ನಾಳೆ ಬ್ಯಾರೆ ಬೆಲ್ಲ ತರ್ತೀನಿ."

"ಮತ್ತ ನಾ ಯಾರ್ರಿ?" ಎಂದಳು ಅವ್ವ, ಒಳಕೋಣೆಯಿಂದ.

ಅಪ್ಪ ಹೆಗಲ ಮೇಲಿನ ಪೆಂಟಿಯನ್ನು ಸರಿಮಾಡಿಕೊಂಡು ಹೊಸ್ತಿಲು ದಾಟಿದ. ಮರುದಿನ ಬೆಲ್ಲವೇನೋ ತಂದ. ಅಜ್ಜಿ ಉಂಡಿಯನ್ನೂ ಕಟ್ಟಿದಳು. ಅವ್ವ ಮಾತ್ರ ಒಂದನ್ನೂ ಬಾಯಿಗಿಡಲಿಲ್ಲ. ನಾನು ಆ ಶಾಲೆಯಲ್ಲೇ ಓದಿದೆ, ಆದರೆ ಹಠಕ್ಕೆ ಆ ಕಮಾನಿಗೆ ಎಂದೂ ಒರಗಲಿಲ್ಲ.

ಅಪ್ಪ ತೀರಿಕೊಂಡ. ನಮ್ಮ ಮನೆಯ ಸೋರುವ ಮಾಳಿಗೆಗೆ ಮಣ್ಣು ಹೊದಿಸಲು ಅವನಿಗೆ ಎಂದೂ ಪುರಸೊತ್ತಾಗಿರಲಿಲ್ಲ. ಮನೆ ಒಂದು ಮಳೆಗಾಲದಲ್ಲಿ ಕುಸಿಯಿತು, ಈಗ ಅಲ್ಲಿ ಅಂಗಡಿ ಸಾಲು. ಕಡೆಗಾಲದಲ್ಲಿ ಅವ್ವ, "ಒಮ್ಮೆ ಸವತೀನ ನೋಡಿ ಬರೂಣ ನಡಿ" ಎಂದಳು. ಕರೆದುಕೊಂಡು ಹೋದೆ. ಅಪ್ಪನ ಹಾಗೆಯೇ ಕಮಾನಿಗೆ ಅಂಗೈ ಒತ್ತಿ ಬಹಳ ಹೊತ್ತು ನಿಂತಳು.

"ಒಂದ ಬಿರುಕು ಇಲ್ಲ ನೋಡು. ಹೆಂಗ ಬಿಟ್ಟಾಳು? ನನ್ನ ಬಾಣಂತನದ ಬೆಲ್ಲ ತಿಂದಾಳ."

ಅವಳ ಸಿಟ್ಟು ಅಲ್ಲಿಗೆ ತಣಿಯಿತು. ನನ್ನದು ಇನ್ನೂ ತಣಿದಿಲ್ಲ. ಅವ್ವನೂ ಹೋದ ಮೇಲೆ ಆಗಾಗ ಒಬ್ಬಳೇ ಅಲ್ಲಿಗೆ ಹೋಗುತ್ತೇನೆ. ಯಾರೂ ಇಲ್ಲದಾಗ, ಅಪ್ಪ ಅಂಗೈ ಒತ್ತುತ್ತಿದ್ದ ಜಾಗಕ್ಕೆ ಹಣೆ ಕೊಟ್ಟು ನಿಲ್ಲುತ್ತೇನೆ.